ಪರಿಶೀಲನೆಯಲ್ಲಿದೆ

ಸಂದರ್ಶನ ನಡೆಯುತ್ತಿದ್ದಾಗ ಮಗಳು ಕೂತಿದ್ದ ಕುರ್ಚಿಯ ಕೆಳಗೆ ಚೆಲ್ಲಿದ ನೀರನ್ನು ಅವಳ ತಾಯಿಯಿಂದಲೇ ಒರೆಸಿಸಿದರು. ತಾಯಿ ಮೊಣಕಾಲೂರಿ ಹತ್ತಿರ ಬಂದಾಗ ಮಗಳು ಎರಡೂ ಕಾಲು ಮೇಲೆತ್ತಿ ಹಿಡಿದಳು.

ಅದಾಗಿ ಇವತ್ತಿಗೆ ಇಪ್ಪತ್ತಮೂರು ದಿನ. ಕಾನೂನು ಕಾಲೇಜಿನ ಜಾಲತಾಣದಲ್ಲಿ ಅವಳ ಅರ್ಜಿ ಸಂಖ್ಯೆಯ ಮುಂದೆ ಇನ್ನೂ 'ಪರಿಶೀಲನೆಯಲ್ಲಿದೆ' ಅಂತಲೇ ಇತ್ತು. ಹಾಸಿಗೆಯಲ್ಲಿ ಒಂದು ಸಲ, ಮುಖ ತೊಳೆದು ಒರೆಸಿಕೊಳ್ಳುವ ಮುಂಚೆ ಒದ್ದೆ ಬೆರಳಿನಲ್ಲಿ ಒಂದು ಸಲ, ಮೆಟ್ಟಿಲಿಳಿಯುತ್ತ ಮತ್ತೊಂದು ಸಲ ನೋಡಿದಳು. ಹತ್ತೊಂಬತ್ತನೆಯ ದಿನ ಆ ಅಕ್ಷರಗಳ ಬಣ್ಣ ಬೂದಿಯಿಂದ ನೀಲಿಗೆ ತಿರುಗಿತ್ತು. ಅರ್ಜಿ ಹಾಕಿದವರೆಲ್ಲ ಸೇರಿ ಮಾಡಿಕೊಂಡಿದ್ದ ಫೋನಿನ ಗುಂಪಿನಲ್ಲಿ ಅವತ್ತು ಗದ್ದಲವೋ ಗದ್ದಲ. ಎಲ್ಲರೂ 'ಜ್ಯೋತಿಷಿ' ಅಂತ ಕರೆಯುತ್ತಿದ್ದ ಆಸಾಮಿಯೊಬ್ಬ, ನೀಲಿ ಬಂದವರಿಗೆ ಸೀಟು ಗ್ಯಾರಂಟಿ ಅಂದ. ಹೋದ ವರ್ಷ ನೀಲಿ ಬಂದ ನಮ್ಮಕ್ಕನಿಗೆ ಸಿಕ್ಕಿದ್ದು ವಿಷಾದದ ಪತ್ರ ಅಂತ ಇನ್ನೊಬ್ಬಳು ಬರೆದಳು. 'ವಿಳಾಸ ಬದಲಿಸಿ' ಎಂಬ ಗುಂಡಿ ಮಾಯವಾಗಿದ್ದರೆ ಪತ್ರ ಅಚ್ಚಾಗಿದೆ ಅಂತ ಅರ್ಥ, ಹಾಗೇ ಇದ್ದರೆ ಇನ್ನೂ ಇಲ್ಲ ಅಂತ ಮತ್ತೊಬ್ಬರ ಲೆಕ್ಕ. ಅವಳ ಪರದೆಯ ಮೇಲೆ ಗುಂಡಿ ಇತ್ತು, ಒತ್ತಿದರೆ ಮಾತ್ರ ಏನೂ ಆಗುತ್ತಿರಲಿಲ್ಲ. ಇದಕ್ಕೇನರ್ಥ ಅಂತ ಕೇಳಿದ್ದಕ್ಕೆ, "ನಿನ್ನ ಫೋನಿಗೆ ವಯಸ್ಸಾಗಿದೆ ಅಂತ ಅರ್ಥ" ಎಂದು ಜ್ಯೋತಿಷಿ ಉತ್ತರ ಕಳಿಸಿದ್ದ. ಹನ್ನೊಂದು ಜನ ನಕ್ಕಿದ್ದರು. ಅವಳೂ ನಗುವ ಮುಖದ ಒಂದು ಚಿತ್ರ ಹಾಕಿದ್ದಳು. ಹಾಕಿದ ಮೇಲೆ ಬಹಳ ಹೊತ್ತು ಅವಮಾನವಾಗಿತ್ತು.

ಬೇರೆ ಎರಡು ಕಾಲೇಜುಗಳು ಆಗಲೇ ಇಲ್ಲ ಅಂದಿದ್ದವು. ಮೊದಲನೆಯದರ ಮೇಲ್ ಬಂದಾಗ ತೆರೆಯುವ ಮೊದಲೇ ಗೊತ್ತಾಗಿತ್ತು. 'ನಿಮ್ಮ ಅರ್ಜಿಯ ಕುರಿತು' ಅಂತ ಶುರುವಾಗುವ ಪತ್ರದೊಳಗೆ ಸಂತೋಷ ಇರುವುದಿಲ್ಲ. ಸಂತೋಷ ಹೇಳುವವರು ಬಾಗಿಲಲ್ಲೇ ಹೇಳಿಬಿಡುತ್ತಾರೆ. ಎರಡನೆಯದು ಪತ್ರವನ್ನೂ ಕಳಿಸಲಿಲ್ಲ, ಅವಳ ಸಂಖ್ಯೆಯನ್ನೇ ಅಳಿಸಿ ಹಾಕಿತು. ಇನ್ನು ಉಳಿದದ್ದು ಇದೊಂದೇ. ಇಲ್ಲಿ ಶುಲ್ಕವಿಲ್ಲದ ಸೀಟು ಹನ್ನೆರಡು ಇದ್ದವು, ಅವುಗಳಲ್ಲಿ ಒಂದು ಸಿಗದಿದ್ದರೆ ಈಗಿನ ಕನ್ನಡಕದ ಅಂಗಡಿ ಕೆಲಸವೇ ಗತಿ. ಇಲ್ಲಿಯ ಸುದ್ದಿ ತರಲು ಅವಳಿಗೆ ಜ್ಯೋತಿಷಿ ಬೇಕಿರಲಿಲ್ಲ. ತಾಯಿ ಇದ್ದಳು.

ಆ ಕಾಲೇಜಿನ ಆಯ್ಕೆ ವಿಭಾಗದಲ್ಲಿ ತಾಯಿ ಒಂಬತ್ತು ವರ್ಷದಿಂದ ಗುಡಿಸಿ ಒರೆಸುತ್ತಿದ್ದಳು. ದಿನಾ ನಾಲ್ಕೂವರೆಗೆ ಮನೆಗೆ ಬಂದು, ಫಿನಾಯಿಲ್ ವಾಸನೆಯ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದು, ಗೋಡೆಗೊರಗಿ ಕೂತು ವರದಿ ಒಪ್ಪಿಸುತ್ತಿದ್ದಳು. "ಇವತ್ತು ಮೀಟಿಂಗ್ ರೂಮಲ್ಲಿ ಏಳು ಲೋಟ. ನಿನ್ನೆ ಐದೇ ಇತ್ತು." "ಪ್ರಿನ್ಸಿಪಾಲರು ಕುರ್ಚಿ ಹಿಂದಕ್ಕೆ ತಳ್ಳದೆ ಹಾಗೇ ಎದ್ದು ಹೋಗಿದಾರೆ, ಜಗಳ ಆಗಿರಬೇಕು." "ದಪ್ಪ ಕವರು ಒಂದು ಕಟ್ಟು ಬಂದಿದೆ ಕಣೆ, ಹೊಸದು, ಸೀಟು ಸಿಕ್ಕೋರಿಗೆ ಕೊಡೋದು. ತೆಳುವಾದದ್ದು ಮೂರು ಕಟ್ಟು." ಓದಲು ಬಾರದ ಹೆಂಗಸು ಒಂದು ಇಡೀ ಕಚೇರಿಯನ್ನು ಓದಿಕೊಂಡು ಬರುತ್ತಿದ್ದಳು. ಓದಲು ಬರುವುದಿಲ್ಲ ಅಂತಲೇ ಅವಳನ್ನು ಆ ವಿಭಾಗಕ್ಕೆ ಹಾಕಿದ್ದರು. ಅಲ್ಲಿಯ ಪದ್ಧತಿ ಹೀಗೆ: ಬುಟ್ಟಿಗೆ ಬಿದ್ದ ಕಾಗದವನ್ನು ದಿನಕ್ಕೆರಡು ಸಲ, ಮಧ್ಯಾಹ್ನಕ್ಕೊಮ್ಮೆ ಕೆಲಸ ಮುಗಿಯುವಾಗೊಮ್ಮೆ, ಹೆಡ್ ಕ್ಲರ್ಕಿನ ಕಣ್ಣೆದುರೇ ಅಡ್ಡಡ್ಡ ಹರಿಯಬೇಕು, ಉದ್ದುದ್ದ ಹರಿಯಬೇಕು, ಚೀಲಕ್ಕೆ ತುಂಬಬೇಕು. ಆತ ಚೀಲದೊಳಗೆ ಇಣುಕಿ ನೋಡಿ ತಲೆಯಾಡಿಸಿದ ಮೇಲೆ ಬಾಯಿ ಕಟ್ಟಬೇಕು. ಓದುವವಳಾದರೆ ಹರಿಯುತ್ತ ಓದಿಬಿಡುತ್ತಾಳೆ ಎಂಬ ಭಯ. ತನ್ನ ಮಗಳು ಅರ್ಜಿ ಹಾಕಿದ್ದಾಳೆ ಅಂತ ತಾಯಿ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮೊದಲು ತನ್ನನ್ನು ಆ ಕೋಣೆಯಿಂದ ತೆಗೆಯುತ್ತಾರೆ, ಆಮೇಲೆ ಅರ್ಜಿಯನ್ನು ಅನ್ನುವುದು ಅವಳ ಲೆಕ್ಕಾಚಾರ. "ಅಲ್ಲಿ ನನ್ನ ಮುಖ ಕಂಡರೆ ಯಾರೋ ಅನ್ನೋ ಹಾಗೆ ಇರು" ಅಂತ ಸಂದರ್ಶನದ ದಿನ ಬೆಳಿಗ್ಗೆ ಮಗಳ ಜಡೆ ಹೆಣೆಯುತ್ತ ಹೇಳಿದ್ದಳು. ಜಡೆ ಎಳೆದ ರಭಸಕ್ಕೆ ಮಗಳ ಕಣ್ಣಲ್ಲಿ ನೀರು ಬಂದಿತ್ತು.

"ಏನು ಲಾಯರಮ್ಮ, ಕೋರ್ಟಿಂದ ಏನಾದರೂ ಆರ್ಡರ್ ಬಂತಾ?" ಅಂಗಡಿಯಾತ ಶಟರು ಎತ್ತುತ್ತ ಕೇಳಿದ. ಅವಳು ಕೆಲಸಕ್ಕಿದ್ದದ್ದು ಅವನ ಕನ್ನಡಕದ ಅಂಗಡಿಯಲ್ಲಿ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸುವುದು ಅವಳ ಪಾಲಿನದು. "ಇನ್ನೂ ಇಲ್ಲ ಸರ್." "ಬರಲಿ ಬಿಡು. ನನ್ನ ಮೊದಲನೇ ಕೇಸು ನಿನಗೇ. ಹೆಂಡತಿ ಮೇಲೆ ಹಾಕೋದು ಒಂದಿದೆ." ಆತ ಕೆಟ್ಟವನಲ್ಲ. ಆದರೆ ದಿನಕ್ಕೆ ಐದು ಸಲ ಲಾಯರಮ್ಮ ಅನ್ನುತ್ತಿದ್ದ, ಗಿರಾಕಿಗಳ ಎದುರಿಗೂ. ಗಿರಾಕಿಗಳು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ ನಗುತ್ತಿದ್ದರು. ನಾಳೆ ಸೀಟು ಸಿಗದೆ ಹೋದರೂ ಆ ಹೆಸರು ಹೋಗುವುದಿಲ್ಲ, ನಲವತ್ತರಲ್ಲೂ ಇದೇ ಕೌಂಟರಿನ ಹಿಂದೆ ನಿಂತು ಲಾಯರಮ್ಮ ಅನ್ನಿಸಿಕೊಳ್ಳುತ್ತೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಹನ್ನೆರಡು ಗಂಟೆಗೆ ಒಬ್ಬ ಮುದುಕ ಬಂದ, ನಿವೃತ್ತ ಬಸ್ ಕಂಡಕ್ಟರ್. ಮೂರನೆಯ ಸಾಲಿನಿಂದಾಚೆ ಅವನಿಗೆ ಏನೂ ಕಾಣುತ್ತಿರಲಿಲ್ಲ, ಆದರೂ ಒಪ್ಪಿಕೊಳ್ಳಲು ನಾಚಿಕೆ. "ಅದು 'ರ' ಇರಬೇಕು. ಅಲ್ಲ, ಅಲ್ಲ, 'ಠ'. ನೀನು ಹೂಂ ಅಂದರೆ 'ಠ'." ಅವಳ ಮುಖ ನೋಡಿ ಊಹಿಸುತ್ತಿದ್ದ. ಗೋಡೆಯನ್ನು ಬಿಟ್ಟು ಅವಳ ಹುಬ್ಬನ್ನು ಓದುತ್ತಿದ್ದ. ಕಾಣದೆ ಇರುವುದನ್ನು ಕಂಡ ಹಾಗೆ ಹೇಳುವವರ ಕಣ್ಣಿನಲ್ಲಿ ಒಂದು ದೈನ್ಯ ಇರುತ್ತದೆ, ಪರೀಕ್ಷಕನನ್ನು ಮೆಚ್ಚಿಸುವ ದೈನ್ಯ. ಅದು ಅವಳಿಗೆ ಪರಿಚಯದ್ದೇ. ಸಂದರ್ಶನದಲ್ಲಿ ಐದು ಜನರ ಎದುರು ಅವಳೂ ಹೀಗೇ ಹುಬ್ಬು ಓದುತ್ತ ಕೂತಿದ್ದಳು. ನ್ಯಾಯ ಅಂದರೆ ಏನು ಅಂತ ಮಧ್ಯದಲ್ಲಿದ್ದ ಪ್ರಿನ್ಸಿಪಾಲರು ಕೇಳಿದ್ದರು. ಇಬ್ಬರ ಮಾತನ್ನೂ ಒಂದೇ ಎತ್ತರದಲ್ಲಿ ಕೂರಿಸಿ ಕೇಳುವುದು ಅಂತ ಅವಳು ಹೇಳಿದಳು. ಬಲಗಡೆಯ ಹೆಂಗಸಿನ ಹುಬ್ಬು ಮೇಲೇರಿತು, ಮೆಚ್ಚುಗೆಯಿಂದ. ಆ ಮೆಚ್ಚುಗೆಯನ್ನು ಬರೆದುಕೊಳ್ಳಲು ಆಕೆ ಪೆನ್ನಿಗೆ ಕೈ ಚಾಚಿದಾಗಲೇ ನೀರಿನ ಜಗ್ಗು ಉರುಳಿದ್ದು. ನೀರು ಮೇಜಿನ ಅಂಚಿನಿಂದಿಳಿದು ಅವಳ ಕುರ್ಚಿಯ ಕೆಳಗೆ ಹರಿಯಿತು. ಯಾರೋ ಬೆಲ್ಲು ಒತ್ತಿದರು. "ಹೂಂ, ನೀವು ಮುಂದುವರಿಸಿ" ಅಂದರು ಪ್ರಿನ್ಸಿಪಾಲರು. ಅವಳು ಮುಂದುವರಿಸಿದಳು. ತಾಯಿ ಬಂದು ಮೊಣಕಾಲೂರಿದಳು. ಮೇಲಿನಿಂದ ತಾಯಿಯ ಬೈತಲೆ ಕಂಡಿತು, ಬೈತಲೆಯ ಎರಡೂ ಬದಿಗೆ ಬಿಳಿಕೂದಲು. ಅಷ್ಟೊಂದು ಬಿಳಿಯಾಗಿದೆ ಅಂತ ಅವಳಿಗೆ ಅವತ್ತಿನವರೆಗೆ ಗೊತ್ತಿರಲಿಲ್ಲ, ತಾಯಿಯ ತಲೆಯನ್ನು ಆ ಎತ್ತರದಿಂದ ಅವಳು ನೋಡಿರಲೇ ಇಲ್ಲ. "ಸ್ವಲ್ಪ ಕಾಲು ಎತ್ತಿ ಮೇಡಂ" ಅಂದಳು ತಾಯಿ. ಅವಳು ಎತ್ತಿದಳು. ಬಾಯಿ ಮಾತ್ರ ಸಂವಿಧಾನದ ಬಗ್ಗೆ ಮಾತಾಡುತ್ತಲೇ ಇತ್ತು, ಒಂದು ಶಬ್ದವೂ ತಡವರಿಸಲಿಲ್ಲ. ತಡವರಿಸಲಿಲ್ಲವಲ್ಲ ಅನ್ನುವುದೇ ಇಪ್ಪತ್ತಮೂರು ದಿನದಿಂದ ಅವಳನ್ನು ಚುಚ್ಚುತ್ತಿತ್ತು. ಅವತ್ತು ಮನೆಗೆ ಬಂದು ತಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಏನು ನಟನೆ ಕಣೆ ನಮ್ಮಿಬ್ಬರದೂ! ಸಿನಿಮಾದೋರು ನೋಡಬೇಕಿತ್ತು." ಮಗಳಿಗೆ ನಗು ಬರಲಿಲ್ಲ. ತಾನು ನಟಿಸಿದ್ದೆನಾ ಎಂಬುದು ಅವಳಿಗೆ ಖಾತ್ರಿ ಇರಲಿಲ್ಲ. ಕಾಲೆತ್ತಿದ ಆ ಕ್ಷಣದಲ್ಲಿ ಒರೆಸುವ ಹೆಂಗಸು ಬೇಗ ಆಚೆ ಹೋಗಲಿ ಅಂತ ನಿಜವಾಗಿಯೂ ಅನ್ನಿಸಿತ್ತು.

"ಏನಮ್ಮಾ, 'ಠ' ಹೌದೋ ಅಲ್ಲವೋ?" ಮುದುಕ ಕೇಳಿದ.

"ಅಲ್ಲ ತಾತ. ಅಲ್ಲಿ ಅಕ್ಷರವೇ ಇಲ್ಲ, ಗೋಡೆಯ ಬಣ್ಣ ಎದ್ದಿದೆ."

ಅಂಗಡಿಯಾತ ಜೋರಾಗಿ ನಕ್ಕ. ಮುದುಕನ ಮುಖ ಸಣ್ಣದಾಯಿತು. ಯಾಕೆ ಹಾಗಂದೆ, ಮೆಲ್ಲಗೆ ಹೇಳಬಹುದಿತ್ತಲ್ಲ ಎಂದುಕೊಳ್ಳುತ್ತ ಅವಳು ಲೆನ್ಸು ಬದಲಿಸುತ್ತಿದ್ದಾಗ ಫೋನು ನಡುಗಿತು. ಕಾಲೇಜು ಎಂದುಕೊಂಡಳು. ನೋಡಿದರೆ ಅಮ್ಮ. ಒಂಬತ್ತು ವರ್ಷದಲ್ಲಿ ತಾಯಿ ಕೆಲಸದ ಜಾಗದಿಂದ ಒಂದು ದಿನವೂ ಫೋನು ಮಾಡಿದವಳಲ್ಲ.

"ನಿನ್ನ ಫೋಟೋ ಬುಟ್ಟಿಯಲ್ಲಿತ್ತು ಕಣೆ." ತಾಯಿ ಉಸಿರಿನಲ್ಲೇ ಮಾತಾಡುತ್ತಿದ್ದಳು, ಹಿಂದೆ ನಲ್ಲಿಯ ಸದ್ದು. "ಫಾರಂಗೆ ಅಂಟಿಸಿದ್ದೆಯಲ್ಲ, ನೀಲಿ ಬ್ಲೌಸಿಂದು, ಅದೇ. ಕಿತ್ತು ಹಾಕಿದಾರೆ. ಹಿಂದುಗಡೆ ಇನ್ನೂ ಅಂಟು ಹಾಗೇ ಇದೆ. ಹರೀಬೇಕಿತ್ತು ನಾನು. ಹೆಡ್ ಕ್ಲರ್ಕ್ ಎದುರಿಗೇ ನಿಂತಿದ್ದರು. ನನ್ನ ಕೈ ಏಳಲಿಲ್ಲ. ನಿನ್ನ ಮುಖ ಹೆಂಗೆ ಹರೀಲಿ?"

"ಆಮೇಲೆ?"

"ಕೇಳಿಬಿಟ್ಟೆ."

"ಏನಂತ ಕೇಳಿದೆ ಅಮ್ಮ?"

"ನನ್ನ ಮಗಳಿಗೆ ಯಾಕೆ ಸೀಟಿಲ್ಲ ಅಂತ." ನಲ್ಲಿ ನಿಂತಿತು. "ಈಗಲೇ ಬರಬೇಕಂತೆ ನೀನು. ಹೆಡ್ ಕ್ಲರ್ಕ್ ಹೇಳಿದರು. ಬೈತೀಯಾ ನನ್ನ?"

ಅವಳು ಬೈಯಲಿಲ್ಲ. ಅಂಗಡಿಯಾತನಿಗೆ ಒಂದು ಗಂಟೆ ಬಿಡಿ ಸರ್ ಅಂದಳು. ಅವನು ಏನೋ ತಮಾಷೆ ಮಾಡಲು ಬಾಯಿ ತೆರೆದವನು, ಅವಳ ಮುಖ ನೋಡಿ ಮುಚ್ಚಿದ. ಕಾಲೇಜು ನಾಲ್ಕು ಬೀದಿ ಆಚೆ. ಅವಳು ಓಡಲಿಲ್ಲ. ಓಡಿದರೆ ಮುಗಿದುಹೋಗುತ್ತದೆ, ನಡೆಯುವಷ್ಟು ಹೊತ್ತು ಇನ್ನೂ ಪರಿಶೀಲನೆಯಲ್ಲಿದೆ. ಮೊದಲನೆಯ ಬೀದಿಯಲ್ಲಿ ತಾಯಿಯ ಮೇಲೆ ಸಿಟ್ಟು ಬಂತು. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದವಳಿಗೆ ಇನ್ನೊಂದು ವಾರ ಆಗಲಿಲ್ಲವೇ. ಎರಡನೆಯ ಬೀದಿಗೆ ಬರುವಷ್ಟರಲ್ಲಿ ಆ ಸಿಟ್ಟು ತನ್ನ ಕಡೆಗೇ ತಿರುಗಿ ನಿಂತಿತ್ತು. ಒಂದು ಚೂರು ಕಾಗದದ ಮೇಲಿನ ಮುಖ ಹರಿಯಲಾರದೆ ತಾಯಿ ಕೆಲಸವನ್ನೇ ಪಣಕ್ಕಿಟ್ಟಳು, ನಾನು ಜೀವಂತ ಮುಖ ಎದುರಿಗಿದ್ದಾಗ ಏನು ಮಾಡಿದೆ? ಪೋಸ್ಟಾಫೀಸಿನ ಗಾಜಿನಲ್ಲಿ ತನ್ನ ನಡಿಗೆ ಕಂಡಿತು, ಭುಜ ಒಂದಿಷ್ಟು ಮುಂದಕ್ಕೆ ಬಾಗಿದ ನಡಿಗೆ, ಥೇಟ್ ತಾಯಿಯದೇ. ಇಷ್ಟು ದಿನ ಯಾರೂ ಗುರುತಿಸಲಿಲ್ಲವಲ್ಲ ಅನ್ನಿಸಿತು. ಗುರುತಿಸಬೇಕಾದರೆ ಮೊದಲು ಒರೆಸುವವಳ ಕಡೆ ಒಂದು ಸಲವಾದರೂ ನೋಡಿರಬೇಕು. ಐದು ಜನ ಓದಿದವರು, ಒಬ್ಬೊಬ್ಬರದೂ ಎರಡೆರಡು ಪದವಿ, ಮೂರು ಅಡಿ ದೂರದಲ್ಲಿ ಒಂದೇ ಮೂಗಿನ ಇಬ್ಬರು ಹೆಂಗಸರಿದ್ದರೂ ಅವರಿಗೆ ಕಾಣಲಿಲ್ಲ. ಆ ಮೂಗು ಕಾಣದೆ ಇದ್ದದ್ದಕ್ಕೆ ಅವತ್ತು ನಾನು ಒಳಗೊಳಗೇ ಅವರಿಗೆ ಕೃತಜ್ಞಳಾಗಿದ್ದೆ.

ಆಯ್ಕೆ ವಿಭಾಗದ ಕೋಣೆಯಲ್ಲಿ ಹೆಡ್ ಕ್ಲರ್ಕ್ ಒಬ್ಬನೇ ಇದ್ದ. ತಾಯಿ ಬಾಗಿಲ ಪಕ್ಕದ ಕಪಾಟಿಗೆ ಒತ್ತಿಕೊಂಡು ನಿಂತಿದ್ದಳು, ಕಪಾಟಿನ ಭಾಗವೇ ಅನ್ನುವ ಹಾಗೆ. "ಬಾಗಿಲು ಹಾಕು ಆಯಮ್ಮ" ಅಂದ ಆತ. ಐವತ್ತು ದಾಟಿದ ಮನುಷ್ಯ, ತೋಳಿನ ಗುಂಡಿ ನೀಟಾಗಿ ಹಾಕಿಕೊಂಡವನು, ದನಿ ಎತ್ತುವವನಲ್ಲ. "ಕೂತ್ಕೊಳಮ್ಮ. ಎಂಥಾ ಕೆಲಸ ಮಾಡಿದರು ನೋಡು ನಿಮ್ಮಮ್ಮ. ಆಯ್ಕೆಯಾದವರ ಫೋಟೋ ಮಾತ್ರ ನಾವು ಫಾರಂನಿಂದ ಬಿಡಿಸೋದು. ಗುರುತಿನ ಚೀಟಿಗೆ. ಮಿಷನ್ನಿಗೆ ಹಾಕಿ ಪ್ರತಿ ತೆಗೆದುಕೊಂಡ ಮೇಲೆ ಅಂಟಿನ ಫೋಟೋ ಯಾತಕ್ಕೆ? ಬುಟ್ಟಿಗೆ ಹಾಕ್ತೀವಿ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾಯಿಗೆ ಆಗಲೇ ಅರ್ಥವಾಗಿತ್ತು. ಅದಕ್ಕೇ ಅವಳು ತಲೆ ಎತ್ತುತ್ತಿರಲಿಲ್ಲ. ಒಂಬತ್ತು ವರ್ಷ ಲೋಟ ಎಣಿಸಿ, ಕುರ್ಚಿ ನೋಡಿ, ಕವರಿನ ದಪ್ಪ ತೂಗಿ ಒಂದೂ ತಪ್ಪದೆ ಹೇಳುತ್ತಿದ್ದವಳು ಈ ಒಂದನ್ನು ತಿರುಗುಮುರುಗು ಓದಿಬಿಟ್ಟಿದ್ದಳು. ಬುಟ್ಟಿಗೆ ಬಿದ್ದದ್ದೆಲ್ಲ ಬೇಡವಾದದ್ದು ಅನ್ನುವುದು ಅವಳ ಬದುಕಿನ ಪಾಠವಾಗಿತ್ತು.

"ಹನ್ನೆರಡರಲ್ಲಿ ನೀನು ನಾಲ್ಕನೆಯವಳು" ಅಂದ ಆತ. ಡ್ರಾಯರು ಎಳೆದು ಒಂದು ದಪ್ಪ ಕವರಿನ ಮೂಲೆಯನ್ನಷ್ಟೇ ತೋರಿಸಿ ಮತ್ತೆ ತಳ್ಳಿದ. "ಸಹಿ ಆಗಿ ಕೂತಿದೆ. ಆದರೆ ಈಗ ಇವರು ಮಗಳು ಗಿಗಳು ಅಂದುಬಿಟ್ಟರಲ್ಲ. ಪಕ್ಕದ ಕೋಣೆಯವರೂ ಕೇಳಿಸಿಕೊಂಡಿದಾರೆ. ಆಯ್ಕೆ ವಿಭಾಗದ ಸಿಬ್ಬಂದಿಗೆ ಸಂಬಂಧಪಟ್ಟವರು ಮೊದಲೇ ತಿಳಿಸಬೇಕು ಅಂತ ನಿಯಮ. ತಿಳಿಸದಿದ್ದರೆ ಅರ್ಜಿ ರದ್ದು."

"ಹೋದ ವರ್ಷ ಸಿಬ್ಬಂದಿ ಮಕ್ಕಳ ವಿದ್ಯಾರ್ಥಿವೇತನದ ಫಾರಂ ಅಮ್ಮ ಕೇಳಿದಾಗ ನೀನು ಸಿಬ್ಬಂದಿ ಅಲ್ಲ, ಗುತ್ತಿಗೆದಾರನ ಕಡೆಯವಳು ಅಂದಿರಿ."

"ಅದು ಬೇರೆ, ಇದು ಬೇರೆ." ಆತನಿಗೆ ಸಿಟ್ಟು ಬರಲಿಲ್ಲ. ಅಷ್ಟೇನೂ ದಡ್ಡಿಯಲ್ಲ ಈ ಹುಡುಗಿ ಅನ್ನುವ ಹಾಗೆ ನೋಡಿದ. "ಕೊಡೋವಾಗ ಒಂದು ಅರ್ಥ, ಕೇಳೋವಾಗ ಒಂದು ಅರ್ಥ. ನೀನೇ ಓದ್ತೀಯಲ್ಲ ಮುಂದೆ. ಈಗ ವಾದ ಬೇಡ. ದಾರಿ ಇದೆ." ಟೈಪು ಮಾಡಿದ ಒಂದು ಹಾಳೆಯನ್ನು ಅವಳ ಕಡೆಗೆ ತಿರುಗಿಸಿದ. ಈ ಕಾಲೇಜಿನ ಆಯ್ಕೆ ವಿಭಾಗದಲ್ಲಿ ಶುಚಿತ್ವದ ಕೆಲಸ ಮಾಡುವ ಮಹಿಳೆಗೂ ನನಗೂ ಯಾವುದೇ ಸಂಬಂಧವಿಲ್ಲವೆಂದು ಈ ಮೂಲಕ ಸ್ವಇಚ್ಛೆಯಿಂದ ಪ್ರಮಾಣೀಕರಿಸುತ್ತೇನೆ. ಕೆಳಗೆ ಸಹಿಗೆ ಚುಕ್ಕೆಗಳ ಗೆರೆ. "ಸುಳ್ಳೂ ಅಲ್ಲ ಇದು. ಗುತ್ತಿಗೆದಾರನ ಪಟ್ಟಿಯಲ್ಲಿ ಇರೋ ಹೆಸರೇ ಬೇರೆ."

ಅದು ಅವಳಿಗೆ ಗೊತ್ತಿದ್ದದ್ದೇ. ಒಂಬತ್ತು ವರ್ಷದ ಹಿಂದೆ ಕೆಲಸ ಬಿಟ್ಟುಹೋದ ಇನ್ನೊಬ್ಬ ಹೆಂಗಸಿನ ಹೆಸರನ್ನು ಗುತ್ತಿಗೆದಾರ ಪಟ್ಟಿಯಿಂದ ತೆಗೆದಿರಲಿಲ್ಲ. ತಿದ್ದುವುದು ತಲೆನೋವು ಅಂತ ತಾಯಿಯನ್ನು ಅದೇ ಹೆಸರಿನಲ್ಲಿ ಹಚ್ಚಿಬಿಟ್ಟಿದ್ದ. ಯಾರದೋ ಹೆಸರಿನ ಮುಂದೆ ತಾಯಿ ಪ್ರತಿ ತಿಂಗಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಈ ಕಟ್ಟಡದ ಕಾಗದಗಳಲ್ಲಿ ತಾಯಿ ಹುಟ್ಟಿಯೇ ಇರಲಿಲ್ಲ.

"ಕಾಗದದ ಪ್ರಕಾರ ಇಲ್ಲಿ ನಿಮ್ಮಮ್ಮ ಅಂತ ಯಾರೂ ಇಲ್ಲ" ಅಂದ ಹೆಡ್ ಕ್ಲರ್ಕ್. "ನೀನೊಂದು ಸೈನು ಹಾಕಿದರೆ ನಿನ್ನ ಸೀಟು ಉಳೀತು, ಅವರ ಕೆಲಸ ಉಳೀತು. ನನ್ನ ತಲೆ ಮೇಲೂ ಬರೋದಿಲ್ಲ. ಇಲ್ಲದಿದ್ದರೆ ಇಷ್ಟು ವರ್ಷ ಯಾರ ಕೈಯಲ್ಲಿ ಕಾಗದ ಹರಿಸಿದೆಯಪ್ಪಾ ಅಂತ ನಾಳೆ ನನ್ನನ್ನೇ ಕೇಳೋದು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು, ನಿನ್ನ ವಯಸ್ಸಿನ ಮಗಳಿದಾಳೆ ನನಗೂ."

ಹಾಳೆ ಬೆಳ್ಳಗಿತ್ತು. ಅದರಲ್ಲಿದ್ದದ್ದು ಹೊಸ ವಿಷಯವೇನೂ ಅಲ್ಲ ಅಂತ ಅವಳಿಗೆ ತಿಳಿಯಿತು. ಈ ಪ್ರಮಾಣವನ್ನು ಇಪ್ಪತ್ತಮೂರು ದಿನದ ಹಿಂದೆಯೇ ಗೋಡೆಯಾಚೆಯ ಕೋಣೆಯಲ್ಲಿ ಅವಳು ಕಾಲೆತ್ತಿ ಮೈಯಿಂದಲೇ ಮಾಡಿಯಾಗಿತ್ತು. ಇವರು ಬರೀ ಅದನ್ನು ಟೈಪು ಮಾಡಿದ್ದರು. ಅಂಥವಳು ಈಗ ಎರಡು ಅಕ್ಷರ ಗೀಚುವುದಕ್ಕೆ ಯಾಕೆ ಹಿಂದೆಮುಂದೆ ನೋಡಬೇಕು? ನಾಲ್ಕನೆಯವಳು. ನಾಲ್ಕು ಎಂಬ ಸಂಖ್ಯೆ ತಲೆಯೊಳಗೆ ಬೆಚ್ಚಗೆ ಕೂತಿತ್ತು. ಕಪ್ಪು ಕೋಟು, ಲೈಬ್ರರಿಯ ಉದ್ದ ಮೇಜು, ಜ್ಯೋತಿಷಿಗೆ ಕಳಿಸಬಹುದಾದ ಒಂದು ಉತ್ತರ, ಎಲ್ಲ ಆ ಡ್ರಾಯರಿನಲ್ಲಿದ್ದವು. ದಿನಾ ಬೆಳಿಗ್ಗೆ ಕಾರಿಡಾರಿನಲ್ಲಿ ತಾಯಿ ಎದುರಾಗುತ್ತಾಳೆ. ದಾಟಿ ಹೋಗಬೇಕು. ಐದು ವರ್ಷ ದಾಟಿ ಹೋಗಬೇಕು. ಐದು ವರ್ಷ ಅಭ್ಯಾಸವಾದ ಮೇಲೆ ಅದು ಕಾರಿಡಾರಿಗೆ ಮಾತ್ರ ನಿಲ್ಲುವುದಿಲ್ಲ.

"ಪೆನ್ನು ತಗೊಳಮ್ಮ."

"ನಾನು ಬರೆಯಲ್ಲ ಸರ್."

ಹೆಡ್ ಕ್ಲರ್ಕ್ ತಾಯಿಯ ಕಡೆ ನೋಡಿದ. ಅದಕ್ಕೇ ಕಾದಿದ್ದವಳ ಹಾಗೆ ತಾಯಿ ಕಪಾಟು ಬಿಟ್ಟು ಬಂದಳು. "ತಲೆ ಕೆಟ್ಟಿದೆಯಾ ನಿನಗೆ? ಕಾಗದ ಕಣೆ ಅದು. ದಿನಾ ಮೂಟೆಗಟ್ಟಲೆ ಹರೀತೀನಿ ನಾನು, ಅದರಲ್ಲಿ ಏನಿರುತ್ತೆ ಮಣ್ಣು? ನೀನು ಬರೆದ ತಕ್ಷಣ ನಾನು ನಿನ್ನ ತಾಯಿ ಅಲ್ಲ ಅಂತ ಆಗಿಬಿಡ್ತೀನಾ?"

"ಆಗ್ತೀಯ ಅಮ್ಮ."

"ಆಗಲಿ! ಆಗಲಿ ಬಿಡು! ಯಾರಾದರೂ ಕೇಳಿದರಾ ನಿನ್ನನ್ನ, ಮಗಳಾಗಿರು ಅಂತ? ನೀನು ಇಲ್ಲಿ ಕೂತು ಓದಲಿ ಅಂತ ತಾನೇ ನಾನು ಈ ನೆಲದಲ್ಲಿ ಬಿದ್ದು ಹೊರಳಾಡಿದ್ದು? ದೊಡ್ಡ ಮಾತಾಡಬೇಡ. ಮೊದಲು ಸೀಟು ತಗೋ, ಆಮೇಲೆ ಎಷ್ಟು ಬೇಕೋ ಅಷ್ಟು ದೊಡ್ಡ ಮಾತಾಡು. ಹಾಕು."

"ಹಾಕಲ್ಲ."

"ನನ್ನ ಕೆಲಸವೂ ಹೋಗುತ್ತೆ, ಗೊತ್ತಾಯ್ತಾ? ನಾಳೆಯಿಂದ ನೀನು ಹಾಕ್ತೀಯಾ ಅನ್ನ?"

ಕನ್ನಡಕದ ಅಂಗಡಿಯ ಸಂಬಳ ಇಬ್ಬರಿಗೆ ಸಾಲುವುದಿಲ್ಲ ಅಂತ ಮೂವರಿಗೂ ಗೊತ್ತಿತ್ತು. ತಪ್ಪು ಮಾಡುತ್ತಿದ್ದೇನೆ ಅಂತ ಸ್ಪಷ್ಟವಾಗಿ ಅನ್ನಿಸಿತು. ಇದು ಧೈರ್ಯವೋ ಹಟವೋ, ಅಥವಾ ತನ್ನ ಮೈಮೇಲಿನ ಕಲೆಯನ್ನು ತಾಯಿಯ ಹೊಟ್ಟೆಯ ಮೇಲೆ ಹೊಡೆದು ತೊಳೆದುಕೊಳ್ಳುತ್ತಿದ್ದೇನೋ ತಿಳಿಯಲಿಲ್ಲ. ಆದರೂ ಕೈ ಮುಂದೆ ಹೋಗಲಿಲ್ಲ.

"ನಾಲ್ಕು ಗಂಟೆಗೆ ಪಟ್ಟಿ ಹೊರಗೆ ಅಂಟಿಸಬೇಕು" ಅಂದ ಹೆಡ್ ಕ್ಲರ್ಕ್, ಗಡಿಯಾರ ನೋಡುತ್ತ. "ಹದಿಮೂರನೆಯವನು ಕಾಯ್ತಾ ಕೂತಿದಾನೆ. ಆಯಮ್ಮ, ಬೇಗ."

ತಾಯಿ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಮಗಳ ಬಲಗೈ ಮಣಿಕಟ್ಟು ಹಿಡಿದು ಹಾಳೆಯ ಮೇಲಕ್ಕೆ ಎಳೆದಳು. ಆ ಹಿಡಿತದ ಬಲಕ್ಕೆ ಅವಳಿಗೆ ಆಶ್ಚರ್ಯವಾಯಿತು. ಮೂಳೆ ನೋಯಿತು. ಹತ್ತಿರದಿಂದ ತಾಯಿಯ ಉಸಿರು ಬಿಸಿಯಾಗಿ ಕೆನ್ನೆಗೆ ತಾಗುತ್ತಿತ್ತು, ಕಣ್ಣಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ. ಅವಳು ಬೆರಳುಗಳನ್ನು ಒಳಕ್ಕೆ ಮಡಚಿಕೊಂಡಳು. ತಾಯಿ ಪೆನ್ನನ್ನು ಆ ಮಡಿಕೆಯೊಳಗೆ ತುರುಕಲು ನೋಡಿದಳು. ಅದು ಜಾರಿ ಬಿತ್ತು. ಎತ್ತಿಕೊಂಡು ಮತ್ತೆ ತುರುಕಿದಳು. ಹೆಬ್ಬೆರಳನ್ನು ಉಗುರಿನಿಂದ ಮೀಟಿದಳು, ಕಿರುಬೆರಳನ್ನು ಬಿಡಿಸಿದಳು. ಬಿಡಿಸಿದ ಬೆರಳು ಮತ್ತೆ ಒಳಗೆ ಹೋಯಿತು.

"ಬಿಚ್ಚೇ. ನಿನ್ನ ಕಾಲು ಹಿಡೀತೀನಿ, ಬಿಚ್ಚು."

"ಇಲ್ಲ."

"ಬಿಚ್ಚು ಅಂತಿದೀನಿ."

ಮುಷ್ಟಿ ಹಾಳೆಯ ಮೇಲೆ, ಚುಕ್ಕೆಗಳ ಗೆರೆಯ ಮೇಲೆಯೇ ಇತ್ತು. ಅವಳು ಬಿಚ್ಚಲಿಲ್ಲ.